ಸ್ಟೇನ್ ಹಾಕಿದ ಕಾಂಕ್ರೀಟ್ ನೆಲದ ಆರೈಕೆ ಮತ್ತು ಮರುಸೀಲಿಂಗ್: ಕೊಡಗಿನ ಮಳೆ, ಮಂಜಿಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಕೊಡಗಿನ ಹೋಂಸ್ಟೇಗಳ ಜಗಲಿಯಲ್ಲಿ, ತೋಟದ ಮನೆಗಳ ಪೋರ್ಟಿಕೋದಲ್ಲಿ, ಗೇಟಿನಿಂದ ಮನೆಬಾಗಿಲಿಗೆ ಬರುವ ನಡೆದಾರಿಯಲ್ಲಿ ಸ್ಟೇನ್ (ಕಾಂಕ್ರೀಟಿಗೇ ಹಿಡಿಯುವ ಬಣ್ಣ) ಹಾಕಿದ ಕಾಂಕ್ರೀಟ್ ನೆಲ ಈಗ ಅಪರೂಪವೇನಲ್ಲ. ಟೈಲ್ಸಿನ ಸಂದಿಗಳಲ್ಲಿ ಕೆಮ್ಮಣ್ಣು ಕೂರುವ ತಾಪತ್ರಯ ಇದಕ್ಕಿಲ್ಲ, ಕಲ್ಲುಹಾಸಿನಷ್ಟು ಖರ್ಚೂ ಬರುವುದಿಲ್ಲ, ಕಂದು ಮತ್ತು ಮಣ್ಣುಬಣ್ಣದ ಛಾಯೆಗಳು ತೋಟದ ನಡುವಿನ ಮನೆಗೆ ಚೆನ್ನಾಗಿ ಒಪ್ಪುತ್ತವೆ. ಆದರೆ ಈ ನೆಲದ ಅಂದವನ್ನು ಕಾಯುವುದು ಅದರ ಮೇಲಿರುವ, ನೀರು ಮತ್ತು ಕಲೆಯನ್ನು ತಡೆಯುವ ಬಹಳ ತೆಳುವಾದ ಸೀಲರ್ ಪದರ. ಆ ಪದರ ಸವೆದ ಮೇಲೆ ಮಳೆನೀರು, ಕೆಸರು, ಪಾಚಿ ಎಲ್ಲವೂ ನೇರವಾಗಿ ಬಣ್ಣದ ಮೇಲೆಯೇ ಕೂರುತ್ತವೆ.

ಬಯಲುಸೀಮೆಯಲ್ಲಿ ಸೀಲರ್ ಹಾಳಾಗುವುದು ಹೆಚ್ಚಾಗಿ ಬಿಸಿಲಿನಿಂದ ಮತ್ತು ಓಡಾಟದ ಸವೆತದಿಂದ. ಕೊಡಗಿನಲ್ಲಿ ಹಾಗಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಡಿಕೇರಿಯಲ್ಲಿ, ಅದಕ್ಕಿಂತಲೂ ಹೆಚ್ಚು ಸುರಿಯುವ ಭಾಗಮಂಡಲದ ಸುತ್ತಮುತ್ತ, ಕಾಂಕ್ರೀಟಿನ ಒಳಗೆ ಸೇರಿಕೊಂಡ ತೇವವೇ ಸೀಲರಿನ ಮುಖ್ಯ ಶತ್ರು. ಬಿಸಿಲು ಬಿದ್ದಾಗ ಆ ತೇವ ಆವಿಯಾಗಿ ಮೇಲೇಳುತ್ತದೆ, ಹೊರಗೆ ಹೋಗಲು ದಾರಿ ಸಿಗದಿದ್ದರೆ ಸೀಲರನ್ನು ಕೆಳಗಿನಿಂದ ತಳ್ಳಿ ಬೆಳ್ಳಗಾಗಿಸುತ್ತದೆ ಅಥವಾ ಎಬ್ಬಿಸುತ್ತದೆ. ಆದ್ದರಿಂದ ಇಲ್ಲಿ ಯಾವ ಕಂಪನಿಯ ಡಬ್ಬಿ ತಂದಿರಿ ಎನ್ನುವುದಕ್ಕಿಂತ, ನೆಲ ಎಷ್ಟು ಒಣಗಿದಾಗ ಬಳಿದಿರಿ ಎನ್ನುವುದೇ ಕೆಲಸದ ಬಾಳಿಕೆಯನ್ನು ನಿರ್ಧರಿಸುತ್ತದೆ. ಮುಂದೆ ಹೇಳುವ ಬಹುಪಾಲು ಹಂತಗಳು ಈ ಒಂದು ಕಾರಣದಿಂದಲೇ ಬಂದವು.

ನಿಮ್ಮ ನೆಲದ ಮೇಲೆ ಏನಿದೆ?

ಮರುಸೀಲಿಂಗ್‌ಗೆ ಕೈಹಾಕುವ ಮೊದಲು ಎರಡು ವಿಷಯ ಗೊತ್ತಿರಬೇಕು: ಬಣ್ಣ ಯಾವ ಬಗೆಯದು, ಅದರ ಮೇಲಿನ ಸೀಲರ್ ಯಾವ ಬಗೆಯದು.

ಆ್ಯಸಿಡ್ ಸ್ಟೇನ್‌ನಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಜೊತೆಗೆ ಕಬ್ಬಿಣ, ಮ್ಯಾಂಗನೀಸ್ ಅಥವಾ ತಾಮ್ರದ ಲವಣಗಳಿರುತ್ತವೆ. ಅವು ಕಾಂಕ್ರೀಟಿನಲ್ಲಿರುವ ಸುಣ್ಣದ ಅಂಶದೊಂದಿಗೆ ಪ್ರತಿಕ್ರಿಯಿಸಿ ಮೇಲ್ಮೈಯಲ್ಲೇ ಬಣ್ಣವಾಗಿ ನೆಲೆಸುವುದರಿಂದ ಈ ಬಣ್ಣ ಸುಲಿಯುವುದಿಲ್ಲ. ಮೇಲ್ಮೈ ಸವೆದರೆ ಮಾತ್ರ ಅದರೊಡನೆ ಹೋಗುತ್ತದೆ. ಒಂದೇ ನೆಲದಲ್ಲಿ ಗಾಢ, ತಿಳಿ ಛಾಯೆಗಳು ಮೋಡದಂತೆ ಬೆರೆತಿದ್ದರೆ ಅದು ಹೆಚ್ಚಾಗಿ ಆ್ಯಸಿಡ್ ಸ್ಟೇನ್. ತಾಮ್ರದ ಲವಣಗಳಿಂದ ಬರುವ ಹಸಿರು, ನೀಲಿ ಛಾಯೆಗಳು ತೇವಕ್ಕೆ ಕಪ್ಪಾಗುವ ಸ್ವಭಾವದವು, ಹಾಗಾಗಿ ಕೊಡಗಿನಂಥ ಜಾಗದಲ್ಲಿ ತೆರೆದ ಅಂಗಳಕ್ಕೆ ಅವನ್ನು ಆರಿಸದಿರುವುದೇ ಒಳ್ಳೆಯದು. ನೀರಿನಲ್ಲಿ ಬೆರೆಸುವ ಸ್ಟೇನ್‌ಗಳಲ್ಲಿ ವರ್ಣದ್ರವ್ಯ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಕೂರುತ್ತದೆ. ಬಣ್ಣ ಹೆಚ್ಚು ಏಕರೂಪವಾಗಿರುತ್ತದೆ, ತಿದ್ದುವುದೂ ಸುಲಭ. ಡೈ ಎಂಬ ಮೂರನೆಯ ಬಗೆಯ ಬಣ್ಣ ಬಿಸಿಲಿಗೆ ಮಾಸುವುದರಿಂದ ಅದು ಮನೆಯೊಳಗಿನ ನೆಲಕ್ಕೆ ಮಾತ್ರ.

ಇಲ್ಲೊಂದು ಎಚ್ಚರಿಕೆಯ ಮಾತು. ಹಳೆಯ ಮನೆಗಳಲ್ಲಿರುವ ರೆಡ್ ಆಕ್ಸೈಡ್ ನೆಲ ಸ್ಟೇನ್ ಹಾಕಿದ ನೆಲವಲ್ಲ. ಅಲ್ಲಿ ಬಣ್ಣದ ಪುಡಿಯನ್ನು ಸಿಮೆಂಟಿನಲ್ಲೇ ಕಲಸಿ ಉಜ್ಜಿರುತ್ತಾರೆ, ಆಮೇಲೆ ತಲೆಮಾರುಗಳ ಕಾಲ ಎಣ್ಣೆಯನ್ನೋ ಮೇಣವನ್ನೋ ತಿಕ್ಕಿರುತ್ತಾರೆ. ಎಣ್ಣೆ ಕುಡಿದ ಆ ನೆಲದ ಮೇಲೆ ಅಕ್ರಿಲಿಕ್ ಸೀಲರ್ ಅಂಟುವುದಿಲ್ಲ. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಜಗಲಿಯ ನೆಲ ಅಂಥದ್ದಾಗಿದ್ದರೆ ಅದಕ್ಕೆ ಮೇಣದ ಆರೈಕೆಯನ್ನೇ ಮುಂದುವರಿಸಿ, ಸೀಲರ್ ಬಳಿಯುವ ಯೋಚನೆ ಬೇಡ. ಕಾಫಿ ಒಣಗಿಸುವ ಕಣಕ್ಕೂ ಸ್ಟೇನ್ ಮತ್ತು ಸೀಲರ್ ಹಾಕಬಾರದು ಎಂಬುದು ನನ್ನ ದೃಢ ಅಭಿಪ್ರಾಯ: ಜನ ಕುಡಿಯುವ ಪದಾರ್ಥ ವಾರಗಟ್ಟಲೆ ಬಿಸಿಲಲ್ಲಿ ಬಿದ್ದಿರುವ ಜಾಗವದು.

ಇನ್ನು ಸೀಲರ್. ಹೊರಾಂಗಣದಲ್ಲಿ ಹೆಚ್ಚಾಗಿ ಕಾಣುವುದು ಅಕ್ರಿಲಿಕ್. ಥಿನ್ನರ್ ಆಧಾರಿತ ಅಕ್ರಿಲಿಕ್ ಹೆಚ್ಚು ಹೊಳಪು ಕೊಟ್ಟು ಬಣ್ಣವನ್ನು ಗಾಢವಾಗಿಸುತ್ತದೆ, ನೀರಿನ ಆಧಾರದ್ದು ಮೆತ್ತಗಿನ ಹೊಳಪು ಕೊಡುತ್ತದೆ. ಎಪಾಕ್ಸಿ ಮತ್ತು ಪಾಲಿಯುರೆಥೇನ್ ಗಟ್ಟಿಯಾದ ಪದರಗಳು. ಎಪಾಕ್ಸಿ ಬಿಸಿಲಿಗೆ ಹಳದಿಯಾಗುವುದರಿಂದ ಅದನ್ನು ಒಳಗಡೆಗೇ ಸೀಮಿತಗೊಳಿಸಬೇಕು. ಸಿಲೇನ್ ಮತ್ತು ಸಿಲೋಕ್ಸೇನ್ ಬಗೆಯ ಸೀಲರ್‌ಗಳು ಮೇಲೆ ಪದರ ಕಟ್ಟದೆ ಕಾಂಕ್ರೀಟಿನೊಳಗೆ ಇಳಿದು ನೀರನ್ನು ತಡೆಯುತ್ತವೆ. ಇವುಗಳಿಂದ ಹೊಳಪು ಬರುವುದಿಲ್ಲ, ಆದರೆ ಒಳಗಿನ ಆವಿ ಹೊರಹೋಗಲು ಅಡ್ಡಿಯಾಗುವುದಿಲ್ಲ.

ಹಳೆಯ ಸೀಲರ್ ಯಾವುದೆಂದು ನೆನಪಿಲ್ಲದಿದ್ದರೆ ಪೇಂಟ್ ಅಂಗಡಿಯಿಂದ ಕ್ಸೈಲೀನ್ ಎಂಬ ಥಿನ್ನರನ್ನು ಸ್ವಲ್ಪ ತನ್ನಿ. ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಅದರಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ತೆಗೆಯಿರಿ. ನೆಲ ಬೆರಳಿಗೆ ಅಂಟಂಟಾಗಿ ಹತ್ತಿದರೆ ಅದು ಅಕ್ರಿಲಿಕ್. ಪದರವಿದ್ದೂ ಏನೂ ಆಗದಿದ್ದರೆ ಎಪಾಕ್ಸಿ ಅಥವಾ ಪಾಲಿಯುರೆಥೇನ್. ಹಳೆಯದು ಯಾವ ಬಗೆಯೋ ಹೊಸದೂ ಅದೇ ಬಗೆಯದಾಗಿರಬೇಕು ಎಂಬುದು ಸುರಕ್ಷಿತ ನಿಯಮ. ಥಿನ್ನರ್ ಆಧಾರದ ಅಕ್ರಿಲಿಕ್ಕಿನ ಹೊಸ ಕೋಟ್ ಹಳೆಯದನ್ನು ಸ್ವಲ್ಪ ಕರಗಿಸಿ ಅದರೊಂದಿಗೆ ಒಂದಾಗುತ್ತದೆ. ಎಪಾಕ್ಸಿ, ಪಾಲಿಯುರೆಥೇನ್‌ಗಳು ಹೀಗೆ ಕರಗುವುದಿಲ್ಲವಾದ್ದರಿಂದ ಅವುಗಳ ಮೇಲೆ 100 ಅಥವಾ 120 ನಂಬರಿನ ಉಜ್ಜುಕಾಗದದಿಂದ ಹೊಳಪು ಪೂರ್ತಿ ಹೋಗುವಂತೆ ತಿಕ್ಕಿ, ಧೂಳು ತೆಗೆದೇ ಹೊಸ ಕೋಟ್ ಬಳಿಯಬೇಕು.

ದಿನನಿತ್ಯದ ಆರೈಕೆ

ಸೀಲರನ್ನು ಬೇಗ ಸವೆಸುವುದು ಕಾಲಿಗಂಟಿ ಬರುವ ಮರಳು ಮತ್ತು ಮಣ್ಣು. ತೋಟದಿಂದ ಬಂದ ಗಂಬೂಟನ್ನು ಜಗಲಿಯ ಮೇಲೆ ಕೊಡವುವ ಅಭ್ಯಾಸವನ್ನು ನಿಲ್ಲಿಸಿ, ಮೆಟ್ಟಿಲ ಕೆಳಗೇ ನಲ್ಲಿ ಮತ್ತು ಕಬ್ಬಿಣದ ಜಾಲರಿಯ ವ್ಯವಸ್ಥೆ ಮಾಡಿಕೊಂಡರೆ ಸೀಲರಿನ ಆಯುಸ್ಸು ಗಮನಕ್ಕೆ ಬರುವಷ್ಟು ಹೆಚ್ಚುತ್ತದೆ. ಮೆತ್ತನೆಯ ಪೊರಕೆಯಿಂದ ದಿನವೂ ಗುಡಿಸಿ, ವಾರಕ್ಕೊಮ್ಮೆ ಪಿಎಚ್ ತಟಸ್ಥವಾಗಿರುವ ನೆಲದ ಕ್ಲೀನರನ್ನು ನೀರಿಗೆ ಬೆರೆಸಿ ಒರೆಸಿದರೆ ಸಾಕು. ಬಾತ್‌ರೂಂ ತೊಳೆಯುವ ಆ್ಯಸಿಡ್, ವಾಷಿಂಗ್ ಸೋಡಾ, ಹುಣಸೆಹುಳಿ, ವಿನೆಗರ್ ಯಾವುದೂ ಈ ನೆಲಕ್ಕೆ ಆಗದು. ಆಮ್ಲ ಸುಣ್ಣದ ಅಂಶವನ್ನು ತಿನ್ನುತ್ತದೆ, ತೀಕ್ಷ್ಣವಾದ ಕ್ಷಾರ ಅಕ್ರಿಲಿಕ್ಕನ್ನು ಮಂಕಾಗಿಸುತ್ತದೆ. ಊಟದ ಜಗಲಿಯಲ್ಲಿ ಕಾಚಂಪುಳಿ ಚೆಲ್ಲಿದರೆ ಕೂಡಲೇ ಒರೆಸಿ ನೀರು ಹಾಕಿ. ಅದರ ಹುಳಿ ತೀಕ್ಷ್ಣವಾದದ್ದು, ಸೀಲರ್ ಸವೆದ ಕಡೆ ಬಿದ್ದು ಹಾಗೆಯೇ ಉಳಿದರೆ ಬಣ್ಣದ ಮೇಲೆ ಶಾಶ್ವತ ಕಲೆ ಬೀಳುತ್ತದೆ.

ಜಿಗಣೆಗಳ ಕಾಲದಲ್ಲಿ ಹೊಸ್ತಿಲ ಬಳಿ ಉಪ್ಪು ಎರಚುವುದು ಇಲ್ಲಿಯ ಮನೆಗಳಲ್ಲಿ ಸಾಮಾನ್ಯ. ಆ ಉಪ್ಪು ತೇವ ಎಳೆದುಕೊಂಡು ಕರಗಿ, ಒಣಗಿದಾಗ ಬಿಳಿ ಗುರುತು ಬಿಡುತ್ತದೆ, ಕಾಂಕ್ರೀಟಿನೊಳಗೆ ಇಳಿದರೆ ಕಂಬಿಗೂ ಕೇಡು. ಉಪ್ಪನ್ನು ನೆಲದ ಮೇಲೆ ಹಾಕುವ ಬದಲು ಬಟ್ಟೆಯಲ್ಲಿ ಗಂಟು ಕಟ್ಟಿ ಕಾಲಿಗೆ ಒತ್ತಿಕೊಳ್ಳಬಹುದು. ಹೂಕುಂಡಗಳ ಕೆಳಗೆ ಗಾಳಿಯಾಡುವ ಸ್ಟ್ಯಾಂಡ್ ಇಡಿ. ನೇರವಾಗಿ ಇಟ್ಟರೆ ಕುಂಡದ ಬುಡದಲ್ಲಿ ತೇವ ಸಿಕ್ಕಿಕೊಂಡು ಉಂಗುರದಂಥ ಬಿಳಿ ಕಲೆಯಾಗುತ್ತದೆ. ಕಬ್ಬಿಣದ ಕುರ್ಚಿಗಳ ಕಾಲಿಗೆ ರಬ್ಬರ್ ಬುಚ್ಚು ಹಾಕಿ. ಸಿಲ್ವರ್ ಓಕ್ ಎಲೆಗಳು ಒದ್ದೆಯಾಗಿ ದಿನಗಟ್ಟಲೆ ಬಿದ್ದಿದ್ದರೆ ಅವುಗಳ ಕಂದು ರಸ ನೆಲಕ್ಕಿಳಿಯುತ್ತದೆ, ಆದ್ದರಿಂದ ಮಳೆ ಬಿಟ್ಟ ಕೂಡಲೇ ಗುಡಿಸಿ. ಅತಿಥಿಗಳಿಗಾಗಿ ಕ್ಯಾಂಪ್‌ಫೈರ್ ಹಾಕುವ ಜಾಗ ಈ ನೆಲದಿಂದ ದೂರ, ಮಣ್ಣಿನ ಮೇಲೆ ಇರಲಿ. ಕೆಂಡ ಬಿದ್ದಲ್ಲಿ ಅಕ್ರಿಲಿಕ್ ಕರಗುವುದಲ್ಲದೆ, ಬೆಂಕಿಯ ಕಾವಿಗೆ ಕಾಂಕ್ರೀಟಿನ ಮೇಲ್ಪದರವೇ ಚಕ್ಕೆಯೇಳಬಹುದು.

ಮರುಸೀಲಿಂಗ್ ಬೇಕೇ ಎಂದು ತಿಳಿಯುವುದು ಹೇಗೆ

ತೆರೆದ ಜಾಗದ ಅಕ್ರಿಲಿಕ್ ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತದೆ. ಒಳಾಂಗಣದ ಪಾಲಿಯುರೆಥೇನ್ ಮತ್ತು ಎಪಾಕ್ಸಿ ಹೆಚ್ಚು ಕಾಲ ಬರುತ್ತವೆ. ಆದರೆ ವರ್ಷ ಎಣಿಸಿ ಬಳಿಯುವುದು ಸರಿಯಲ್ಲ. ಒಂದೇ ಮನೆಯಲ್ಲಿ ಸೂರಿನ ಕೆಳಗಿನ ಜಗಲಿ ಹೊಸದರಂತೆ ಇರುತ್ತದೆ, ಸೂರಿನ ನೀರು ಬೀಳುವ ಅಂಚು ಮಾತ್ರ ಬೋಳಾಗಿರುತ್ತದೆ.

ಒಣಗಿದ ನೆಲದ ಮೇಲೆ ನಾಲ್ಕು ಕಡೆ ಒಂದೊಂದು ಚಮಚ ನೀರು ಹಾಕಿ: ಬಾಗಿಲ ಮುಂದೆ, ಜೀಪು ನಿಲ್ಲುವಲ್ಲಿ, ಸೂರಿನ ಅಂಚಿನಲ್ಲಿ, ಯಾರೂ ತುಳಿಯದ ಮೂಲೆಯಲ್ಲಿ. ನೀರು ಹನಿಹನಿಯಾಗಿ ದುಂಡಗೆ ನಿಂತರೆ ಸೀಲರ್ ಚೆನ್ನಾಗಿದೆ. ಹರಡಿಕೊಂಡು ನಿಂತರೂ ನೆಲದ ಬಣ್ಣ ಬದಲಾಗದಿದ್ದರೆ ಇನ್ನೂ ಒಂದು ಮಳೆಗಾಲ ತಡೆಯಬಹುದು. ಐದು ಹತ್ತು ನಿಮಿಷದೊಳಗೆ ನೀರು ಇಂಗಿ ಅಷ್ಟಗಲ ನೆಲ ಕಪ್ಪಾದರೆ ಆ ಭಾಗದಲ್ಲಿ ಸೀಲರ್ ಉಳಿದಿಲ್ಲ. ಮೂಲೆಯ ಹನಿಯನ್ನು ಉಳಿದ ಮೂರರೊಂದಿಗೆ ಹೋಲಿಸಿ ನೋಡಿದರೆ ಎಲ್ಲೆಲ್ಲಿ ಎಷ್ಟು ಸವೆದಿದೆ ಎಂಬ ನಕ್ಷೆಯೇ ಸಿಗುತ್ತದೆ. ಸಂಜೆ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಬೆಳಕು ಬಿಟ್ಟರೆ ಹಗಲಲ್ಲಿ ಕಾಣದ ಗುಳ್ಳೆಗಳು, ಎದ್ದ ಅಂಚುಗಳು ಸ್ಪಷ್ಟವಾಗಿ ಕಾಣುತ್ತವೆ. ಉಗುರಿನಿಂದ ಕೆರೆದಾಗ ಪೊರೆಯಂತೆ ಕಿತ್ತು ಬಂದರೆ, ಅಲ್ಲಿ ಹೊಸ ಕೋಟ್ ಹಾಕುವುದು ವ್ಯರ್ಥ, ಹಳೆಯದನ್ನು ತೆಗೆಯಲೇಬೇಕು.

ಯಾವ ತಿಂಗಳಲ್ಲಿ ಮಾಡಬೇಕು

ಮಳೆ ನಿಂತ ಕೂಡಲೇ, ಹುತ್ತರಿ ಹಬ್ಬಕ್ಕೆ ಮನೆ ಚೆಂದವಾಗಲಿ ಎಂದು ನವೆಂಬರಿನಲ್ಲಿ ಸೀಲರ್ ಬಳಿಸುವವರಿದ್ದಾರೆ. ಅದು ಸರಿಯಾದ ಕಾಲವಲ್ಲ. ಜೂನ್‌ನಿಂದ ನೀರು ಕುಡಿದ ಕಾಂಕ್ರೀಟ್ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ, ತುಲಾ ಮಾಸದ (ಅಕ್ಟೋಬರ್-ನವೆಂಬರ್) ನಂತರವೂ ಹಿಂಗಾರಿನ ಮಳೆ ಬರುವುದುಂಟು. ಹಬ್ಬಕ್ಕೆ ತೊಳೆದು ಚೊಕ್ಕಟ ಮಾಡಿ, ಸೀಲರಿಗೆ ಕಾಯಿರಿ.

ಜನವರಿಯ ಮಧ್ಯಭಾಗದಿಂದ ಫೆಬ್ರವರಿಯ ಕೊನೆಯವರೆಗಿನ ಅವಧಿ ಎಲ್ಲಕ್ಕಿಂತ ಉತ್ತಮ. ಮಳೆ ಇರುವುದಿಲ್ಲ, ಹಗಲಿನ ಗಾಳಿ ಒಣಗಿರುತ್ತದೆ, ನೆಲ ಕಾಯುವಷ್ಟು ಬಿಸಿಲೂ ಇರುವುದಿಲ್ಲ. ರೋಬಸ್ಟಾ ಕೊಯ್ಲಿನ ನಡುವೆ ಆಳುಗಳು ಸಿಗುವುದು ಕಷ್ಟವೆನ್ನುವುದು ನಿಜ, ಆದರೆ ಜಗಲಿಯಷ್ಟು ಜಾಗದ ಕೆಲಸಕ್ಕೆ ಇಬ್ಬರು ಸಾಕು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂವಿನ ಮಳೆ ಯಾವ ಸಂಜೆಯಾದರೂ ಬರಬಹುದು. ತೋಟಕ್ಕೆ ಅದು ವರ, ಹಸಿ ಸೀಲರಿಗೆ ಅದು ಕಂಟಕ. ಕುಶಾಲನಗರದ ಕಡೆ ಮಳೆ ಮಡಿಕೇರಿಯ ಅರ್ಧಕ್ಕಿಂತಲೂ ಕಡಿಮೆಯಾದ್ದರಿಂದ ಅಲ್ಲಿಯವರಿಗೆ ಡಿಸೆಂಬರಿನಿಂದಲೇ ಅನುಕೂಲವಿದೆ.

ದಿನದ ಹೊತ್ತೂ ಅಷ್ಟೇ ಮುಖ್ಯ. ಗಾಳಿಯ ಉಷ್ಣತೆ 10ರಿಂದ 32 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ನೆಲದ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಅಳೆಯುವ ಉಪಕರಣ ಇಲ್ಲದವರು ಒಂದು ಸ್ಟೀಲ್ ತಟ್ಟೆಯನ್ನು ರಾತ್ರಿಯೇ ಅದೇ ನೆಲದ ಮೇಲೆ ಬೋರಲು ಹಾಕಿಡಿ. ಬೆಳಿಗ್ಗೆ ಅದರ ಮೇಲಿನ ಇಬ್ಬನಿ ತಾನಾಗಿ ಆರಿ, ಆ ಮೇಲೆ ಒಂದೆರಡು ಗಂಟೆ ಕಳೆದ ನಂತರ ಕೆಲಸ ಶುರುಮಾಡಿ. ಸಾಮಾನ್ಯವಾಗಿ ಹನ್ನೊಂದು ಗಂಟೆಗೆ ಶುರುಮಾಡಿ ಎರಡು ಗಂಟೆಯೊಳಗೆ ಮುಗಿಸಿದರೆ ಸಂಜೆಯ ಮಂಜು ಇಳಿಯುವ ಮೊದಲು ಸೀಲರ್ ಆರಿರುತ್ತದೆ.

ತೊಳೆಯುವುದು ಮತ್ತು ಒಣಗಿಸುವುದು

ಮೊದಲು ಎಲ್ಲ ಸಾಮಾನನ್ನೂ ಸರಿಸಿ, ಒಣ ಕಸವನ್ನು ಗುಡಿಸಿ. ಜೀಪಿನಿಂದ ಸೋರಿದ ಆಯಿಲ್ ಕಲೆ ಇದ್ದರೆ ಮರದ ಹೊಟ್ಟನ್ನು ಹಾಕಿ ಹೀರಿಸಿ, ಜಿಡ್ಡು ತೆಗೆಯುವ ಕ್ಲೀನರಿನಿಂದ ತಿಕ್ಕಿ. ಜಿಡ್ಡು ಉಳಿದ ಕಡೆ ಸೀಲರ್ ಮೀನುಕಣ್ಣಿನಂಥ ದುಂಡು ಬೋಳು ಚುಕ್ಕೆಗಳಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ತಟಸ್ಥ ಕ್ಲೀನರ್ ಬೆರೆಸಿದ ನೀರು ಹಾಕಿ ಪ್ಲಾಸ್ಟಿಕ್ ಅಥವಾ ನೈಲಾನ್ ಬ್ರಷ್ಷಿನಿಂದ ಉಜ್ಜಬೇಕು. ತಂತಿಯ ಬ್ರಷ್ ಬಳಸಿದರೆ ಗೀರು ಬೀಳುವುದಲ್ಲದೆ ಅದರ ತುಣುಕುಗಳು ಸಂದಿಯಲ್ಲಿ ಉಳಿದು ತುಕ್ಕಿನ ಚುಕ್ಕೆಗಳಾಗುತ್ತವೆ. ಪ್ರೆಶರ್ ವಾಷರ್ ಇದ್ದರೆ ಅಗಲವಾಗಿ ಚಿಮ್ಮುವ ನಳಿಕೆ ಹಾಕಿ, ನೆಲದಿಂದ ಒಂದಡಿ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಸೂಜಿಯಂಥ ಧಾರೆ ಸ್ಟೇನ್ ಸಮೇತ ಸಿಮೆಂಟನ್ನು ಕಿತ್ತುಹಾಕುತ್ತದೆ.

ಪಾಚಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಎರಚಿ ಬಿಡುವುದು ನಮ್ಮಲ್ಲಿ ರೂಢಿ. ಬರಿಯ ಸಿಮೆಂಟ್ ಅಂಗಳಕ್ಕೆ ಅದು ನಡೆಯುತ್ತದೆ. ಸ್ಟೇನ್ ಹಾಕಿದ ನೆಲದ ಮೇಲೆ ಒಣ ಪುಡಿ ಬಿದ್ದಲ್ಲೆಲ್ಲ ಬಣ್ಣ ಮಾಸಿ ಬಿಳಿ ಚುಕ್ಕೆಗಳಾಗಬಹುದು, ಪುಡಿಯಲ್ಲಿರುವ ಸುಣ್ಣ ಮಂಕಾದ ಪದರವಾಗಿ ಅಂಟಿಕೊಳ್ಳುತ್ತದೆ. ಬೆಂಜಾಲ್ಕೋನಿಯಂ ಕ್ಲೋರೈಡ್ ಇರುವ ಪಾಚಿನಾಶಕ ಸಿಕ್ಕರೆ ಅದನ್ನೇ ಬಳಸಿ. ಸಿಗದಿದ್ದರೆ ದ್ರವರೂಪದ ಬ್ಲೀಚನ್ನು ಹತ್ತು ಪಾಲು ನೀರಿಗೆ ಬೆರೆಸಿ, ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ, ಪಾಚಿ ಇರುವಲ್ಲಿಗೆ ಮಾತ್ರ ಹಾಕಿ, ಹತ್ತು ನಿಮಿಷದಲ್ಲಿ ಉಜ್ಜಿ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಬ್ಲೀಚನ್ನು ಯಾವ ಕಾರಣಕ್ಕೂ ಆ್ಯಸಿಡ್ ಜೊತೆ ಬೆರೆಸಬಾರದು, ಒಂದರ ಹಿಂದೆಯೇ ಇನ್ನೊಂದನ್ನು ಸುರಿಯಲೂ ಬಾರದು: ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ತೊಳೆದ ನೀರು ಬಾವಿ, ತೋಡು, ಮೀನಿನ ಕೆರೆಗಳ ಕಡೆ ಹರಿಯದಂತೆ ಮೊದಲೇ ಮಣ್ಣಿನ ಬದು ಹಾಕಿಕೊಳ್ಳಿ. ಕೊಡಗಿನಲ್ಲಿ ಅಂಗಳದಿಂದ ಇಳಿಯುವ ನೀರು ಯಾವುದೋ ಒಂದು ತೋಡಿನ ಮೂಲಕ ಹೊಳೆಗೇ ಸೇರುತ್ತದೆ ಎನ್ನುವುದನ್ನು ಮರೆಯಬಾರದು.

ನೆಲದ ಮೇಲೆ ಬಿಳಿ ಪುಡಿ ಏಳುತ್ತಿದ್ದರೆ ಅದು ಕಾಂಕ್ರೀಟಿನೊಳಗಿನ ಲವಣ, ನೀರಿನ ಜೊತೆ ಮೇಲೆ ಬಂದು ಒಣಗಿದ್ದು. ಅದನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಆ್ಯಸಿಡ್ ಹಾಕಿದರೆ ಪುಡಿಯ ಜೊತೆ ಬಣ್ಣವೂ ಹೋಗುತ್ತದೆ. ಪುಡಿ ಮತ್ತೆ ಮತ್ತೆ ಬರುತ್ತಿದೆಯೆಂದರೆ ಕೆಳಗಿನಿಂದ ನೀರು ಬರುತ್ತಿದೆ ಎಂದೇ ಅರ್ಥ. ಗುಡ್ಡ ಕಡಿದು ಮಟ್ಟ ಮಾಡಿ ಕಟ್ಟಿದ ಮನೆಗಳಲ್ಲಿ ಇದು ಬಹಳ ಸಾಮಾನ್ಯ: ಬರೆಯ (ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆಯ) ಕಡೆಯಿಂದ ಜಿನುಗುವ ನೀರು ನೆಲದ ಅಡಿಯಲ್ಲೇ ಹರಿದು ಜನವರಿಯಲ್ಲೂ ಆ ಭಾಗವನ್ನು ಹಸಿಯಾಗಿಡುತ್ತದೆ. ಇಂಥಲ್ಲಿ ಮನೆಯ ಹಿಂಬದಿಯಲ್ಲಿ ನೆಲದ ಮಟ್ಟಕ್ಕಿಂತ ಆಳವಾದ ಚರಂಡಿ ತೋಡಿಸಿ ನೀರನ್ನು ಬದಿಗೆ ತಿರುಗಿಸದ ಹೊರತು ಎಷ್ಟು ಬಾರಿ ಸೀಲರ್ ಬಳಿದರೂ ನಿಲ್ಲುವುದಿಲ್ಲ. ಮೊದಲು ಚರಂಡಿಗೆ ಖರ್ಚು ಮಾಡಿ, ಸೀಲರ್ ಮುಂದಿನ ವರ್ಷಕ್ಕಾದರೂ ಆಗಬಹುದು.

ಹಳೆಯ ಸೀಲರ್ ಸುಲಿಯುತ್ತಿದ್ದರೆ, ಬಹಳ ಕೋಟುಗಳು ಸೇರಿ ದಪ್ಪವಾಗಿದ್ದರೆ, ಅಥವಾ ಬೇರೆ ಬಗೆಯ ಸೀಲರಿಗೆ ಬದಲಾಯಿಸಬೇಕಿದ್ದರೆ ಸ್ಟ್ರಿಪ್ಪರ್ ಹಾಕಿ ಪೂರ್ತಿ ತೆಗೆಯಬೇಕಾಗುತ್ತದೆ. ಜೆಲ್ ರೂಪದ್ದನ್ನು ಸ್ವಲ್ಪ ಸ್ವಲ್ಪ ಜಾಗಕ್ಕೆ ಬಳಿದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಪ್ಲಾಸ್ಟಿಕ್ ಕೆರೆಗತ್ತಿಯಿಂದ ಎಬ್ಬಿಸಿ ತೆಗೆಯಿರಿ. ಒಂದೇ ಸಲ ಬಾರದಿದ್ದರೆ ಇನ್ನೊಮ್ಮೆ ಬಳಿಯಿರಿ, ಬಲವಾಗಿ ಕೆರೆದರೆ ಬಣ್ಣಕ್ಕೆ ಗಾಯವಾಗುತ್ತದೆ.

ತೊಳೆದ ಮೇಲೆ ಎಷ್ಟು ದಿನ ಒಣಗಿಸಬೇಕು? ಡಬ್ಬಿಗಳ ಮೇಲೆ 24 ಗಂಟೆ ಎಂದು ಬರೆದಿರುತ್ತದೆ. ಕೊಡಗಿನಲ್ಲಿ ಕನಿಷ್ಠ ಮೂರು ಒಳ್ಳೆಯ ಬಿಸಿಲಿನ ದಿನ ಬಿಡಿ ಎಂದು ನಾನು ಹೇಳುತ್ತೇನೆ, ನೆರಳಿನ ಕಡೆಗೆ ಇನ್ನೂ ಹೆಚ್ಚು. ಆ ಮೇಲೂ ಊಹೆಯಿಂದ ಮುಂದುವರಿಯದೆ ಪ್ಲಾಸ್ಟಿಕ್ ಪರೀಕ್ಷೆ ಮಾಡಿ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ನುಸುಳದಂತೆ ಟೇಪ್ ಅಂಟಿಸಿ ಕನಿಷ್ಠ 16 ಗಂಟೆ ಬಿಡಿ; ಸಂಜೆ ಅಂಟಿಸಿದರೆ ಮರುದಿನ ಹತ್ತು ಹನ್ನೊಂದರ ಹೊತ್ತಿಗೆ ನೋಡಬಹುದು. ಹಾಳೆಯ ಮೇಲ್ಭಾಗದಲ್ಲಿರುವುದು ಇಬ್ಬನಿ, ಅದನ್ನು ಒರೆಸಿಬಿಡಿ. ಕೆಳಭಾಗಕ್ಕೆ ಅಂಟಿದ ಹನಿಗಳಿದ್ದರೆ ಅಥವಾ ಹಾಳೆ ತೆಗೆದಾಗ ಅದರಡಿಯ ನೆಲ ಸುತ್ತಲಿಗಿಂತ ಕಪ್ಪಾಗಿ ಕಂಡರೆ ಕಾಂಕ್ರೀಟಿನಿಂದ ಇನ್ನೂ ತೇವ ಏಳುತ್ತಿದೆ. ಇನ್ನೆರಡು ದಿನ ಬಿಟ್ಟು ಮತ್ತೆ ನೋಡಿ. ಈ ಪರೀಕ್ಷೆಯನ್ನು ಬರೆಯ ಕಡೆ ಒಂದು, ತೆರೆದ ಕಡೆ ಒಂದು ಹೀಗೆ ಎರಡು ಜಾಗದಲ್ಲಿ ಮಾಡುವುದು ಮೇಲು.

ಬಣ್ಣ ತಿದ್ದುವುದು

ಸೀಲರ್ ಬಳಿಯುವ ಮೊದಲು ಮಾಸಿದ ಕಡೆ ಬಣ್ಣ ತಿದ್ದಬೇಕು. ಆ್ಯಸಿಡ್ ಸ್ಟೇನ್ ಕೆಲಸ ಮಾಡುವುದು ಸೀಲರ್ ಇಲ್ಲದ ಬರಿ ಕಾಂಕ್ರೀಟಿನ ಮೇಲೆ ಮಾತ್ರ. ಮೊದಲೇ ಪ್ರತಿಕ್ರಿಯೆ ಮುಗಿದ ಜಾಗದಲ್ಲಿ ಸುಣ್ಣದ ಅಂಶ ಕಡಿಮೆಯಾಗಿರುವುದರಿಂದ ಮೊದಲಿನಷ್ಟು ಗಾಢ ಬಣ್ಣ ಬರುವುದಿಲ್ಲ. ಹಾಗಾಗಿ ತೇಪೆಗೆ ನೀರಿನ ಆಧಾರದ ಸ್ಟೇನ್ ಅಥವಾ ಬಣ್ಣ ಬೆರೆಸಿದ ಸೀಲರ್ ಅನುಕೂಲ. ಆ್ಯಸಿಡ್ ಸ್ಟೇನನ್ನೇ ಹಾಕಿದರೆ, ಬಣ್ಣ ಬಂದ ಮೇಲೆ ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಅಡುಗೆ ಸೋಡಾ ಬೆರೆಸಿ ತೊಳೆದು ಆಮ್ಲವನ್ನು ಶಮನಗೊಳಿಸಿ, ನಂತರ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ಬಿರುಕಿಗೆ ತುಂಬಿದ ಹೊಸ ಸಿಮೆಂಟ್ ಸುತ್ತಲಿನ ಬಣ್ಣಕ್ಕೆ ಪೂರ್ತಿ ಹೊಂದುವುದು ಕಷ್ಟ, ಅದನ್ನು ಒಪ್ಪಿಕೊಂಡು ಮುಂದುವರಿಯುವುದೇ ವಿವೇಕ.

ಸೀಲರ್ ಬಳಿಯುವುದು

ಥಿನ್ನರ್ ಆಧಾರದ ಅಕ್ರಿಲಿಕ್ ಒಂದು ಲೀಟರಿಗೆ ಸುಮಾರು 50ರಿಂದ 80 ಚದರ ಅಡಿ ಬರುತ್ತದೆ. 300 ಚದರ ಅಡಿಯ ಜಗಲಿಗೆ ಒಂದು ಕೋಟ್‌ಗೆ ಐದು ಲೀಟರ್ ಹಿಡಿದರೆ ಸರಿಹೋಗುತ್ತದೆ. ಹಳೆಯ ಸೀಲರ್ ಗಟ್ಟಿಯಾಗಿದ್ದು ಹೊಳಪಷ್ಟೇ ಹೋಗಿದ್ದರೆ ಒಂದೇ ತೆಳು ಕೋಟ್ ಸಾಕು. ಪೂರ್ತಿ ತೆಗೆದು ಹೊಸದಾಗಿ ಬಳಿಯುವಾಗ ಎರಡು ತೆಳು ಕೋಟುಗಳು ಬೇಕು. ಉಳಿದದ್ದು ವ್ಯರ್ಥವಾಗಬಾರದೆಂದು ಮೂರನೆಯದನ್ನು ಬಳಿಯಬೇಡಿ. ದಪ್ಪ ಪದರ ಆವಿಯನ್ನು ಹೊರಬಿಡುವುದಿಲ್ಲ, ಬೆಳ್ಳಗಾಗುವುದೂ ಸುಲಿಯುವುದೂ ಅಲ್ಲಿಂದಲೇ ಶುರುವಾಗುತ್ತದೆ.

ಮಳೆ ನೇರವಾಗಿ ಹೊಡೆಯುವ ಅಂಗಳ, ನಡೆದಾರಿಗಳ ಬಗ್ಗೆ ನನ್ನ ಸಲಹೆ ಬೇರೆ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯ ತೆರೆದ ಜಾಗಗಳಿಗೆ ಹೊಳೆಯುವ ಅಕ್ರಿಲಿಕ್ಕಿನ ಆಸೆ ಬಿಟ್ಟು, ಹಳೆಯದನ್ನು ಒಮ್ಮೆ ಪೂರ್ತಿ ತೆಗೆದು, ಒಳಗಿಳಿಯುವ ಸಿಲೇನ್ ಸಿಲೋಕ್ಸೇನ್ ಸೀಲರಿಗೆ ಬದಲಾಗುವುದು ಉತ್ತಮ. ಬಣ್ಣ ಸ್ವಲ್ಪ ತಿಳಿಯಾಗಿ, ಮ್ಯಾಟ್ ಆಗಿ ಕಾಣುತ್ತದೆ, ಆದರೆ ಸುಲಿಯಲು ಅಲ್ಲಿ ಪದರವೇ ಇರುವುದಿಲ್ಲ. ಹಳೆಯ ಅಕ್ರಿಲಿಕ್ ಉಳಿದಿದ್ದರೆ ಈ ಸೀಲರ್ ಒಳಗಿಳಿಯುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಹಂಚಿನ ಮಾಡಿನ ಕೆಳಗಿನ ಜಗಲಿಗೆ ಅಕ್ರಿಲಿಕ್ ಧಾರಾಳವಾಗಿ ನಡೆಯುತ್ತದೆ.

ಕ್ಸೈಲೀನ್ ಇರುವ ಸೀಲರ್ ಬಳಸುವಾಗ ಸುರಕ್ಷತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಮಾರು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲೇ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಆ ಆವಿ ಗಾಳಿಗಿಂತ ಭಾರವಾಗಿದ್ದು ನೆಲದ ಮಟ್ಟದಲ್ಲೇ ಹರಡುತ್ತದೆ. ಪಕ್ಕದಲ್ಲಿ ಸೌದೆ ಒಲೆಯ ಬಚ್ಚಲಮನೆ ಇದ್ದರೆ ಆ ದಿನ ಒಲೆ ಉರಿಸಬಾರದು. ಬೀಡಿ, ಗ್ಯಾಸ್, ವೆಲ್ಡಿಂಗ್ ಯಾವುದೂ ಹತ್ತಿರ ಇರಬಾರದು. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ, ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್‌ನ ಮಾಸ್ಕ್, ನೈಟ್ರೈಲ್ ಕೈಗವಸು, ಕನ್ನಡಕ ಬೇಕು. ಕೆಲಸಕ್ಕೆ ಬಂದವರಿಗೂ ಇವನ್ನು ಕೊಡಿಸುವುದು ಮನೆಯವರ ಹೊಣೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ ನೀರಿನ ಆಧಾರದ ಸೀಲರನ್ನೇ ಬಳಸಿ.

ಬಳಿಯಲು 10 ಮಿಲಿಮೀಟರ್ ನೂಲಿನ, ಥಿನ್ನರಿಗೆ ಕರಗದ ರೋಲರ್ ಬೇಕು. ಫೋಮ್ ರೋಲರ್ ಕರಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಗೋಡೆಯ ಅಂಚುಗಳನ್ನು ಬ್ರಷ್ಷಿನಿಂದ ಮೊದಲು ಮುಗಿಸಿಕೊಂಡು, ಮನೆಯ ಕಡೆಯಿಂದ ಶುರುಮಾಡಿ ಹೊರಗೆ ಇಳಿಯುವ ಮೆಟ್ಟಿಲ ಕಡೆ ಹಿಂದೆ ಸರಿಯುತ್ತ ಬನ್ನಿ. ಸೀಲರನ್ನು ಟ್ರೇಯಲ್ಲಿ ಸುರಿದುಕೊಂಡು ರೋಲರಿಗೆ ಹಿಡಿಸಿ, ಮೂರಡಿ ಅಗಲದ ಪಟ್ಟಿಗಳಾಗಿ ಬಳಿಯಿರಿ, ಹಿಂದಿನ ಪಟ್ಟಿಯ ಅಂಚು ಹಸಿಯಿರುವಾಗಲೇ ಮುಂದಿನದು ಅದನ್ನು ಸೇರಬೇಕು. ಆರಲು ಶುರುವಾದ ಕಡೆ ಮತ್ತೆ ರೋಲರ್ ಆಡಿಸಿದರೆ ದಾರ ಎಳೆದಂಥ ಗುರುತು ಉಳಿಯುತ್ತದೆ. ತಗ್ಗಿನಲ್ಲಿ ನಿಂತ ಸೀಲರನ್ನು ಒಣ ರೋಲರಿನಿಂದ ಕೂಡಲೇ ಎಳೆದುಬಿಡಿ. ಎರಡನೇ ಕೋಟನ್ನು ಮೊದಲಿನದಕ್ಕೆ ಅಡ್ಡ ದಿಕ್ಕಿನಲ್ಲಿ ಬಳಿಯಬೇಕು. ಕೆಲವು ಗಂಟೆಗಳ ನಂತರ ಬಳಿಯಬಹುದೆಂದು ಡಬ್ಬಿ ಹೇಳಿದರೂ, ಇಲ್ಲಿಯ ಚಿಕ್ಕ ಹಗಲಿಗೆ ಅದನ್ನು ಮರುದಿನ ಅದೇ ಹೊತ್ತಿಗೆ ಮಾಡುವುದು ಲೇಸು.

ಮೆಟ್ಟಿಲು, ಇಳಿಜಾರು, ಬಾಗಿಲ ಮುಂಭಾಗಗಳಿಗೆ ಕೊನೆಯ ಕೋಟಿನಲ್ಲಿ ಜಾರದಂತೆ ತಡೆಯುವ ಸಣ್ಣ ಕಣಗಳ ಪಾಲಿಮರ್ ಪುಡಿಯನ್ನು ಬೆರೆಸುವುದನ್ನು ಕೊಡಗಿನ ಮಟ್ಟಿಗೆ ಕಡ್ಡಾಯ ಎಂದೇ ತಿಳಿಯಿರಿ. ಒದ್ದೆಯಾದ ಅಕ್ರಿಲಿಕ್ಕಿನ ಮೇಲೆ ಹಿರಿಯರು ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ನಿಜವಾದದ್ದು. ಪುಡಿ ತಳಕ್ಕಿಳಿಯುವುದರಿಂದ ಟ್ರೇಯನ್ನು ಆಗಾಗ ಕಲಕುತ್ತಿರಬೇಕು.

ಬಳಿದ ಮೇಲೆ 24 ಗಂಟೆ ಯಾರೂ ನಡೆಯಬಾರದು, ನಾಯಿಗಳನ್ನು ಕಟ್ಟಿಹಾಕಿ. ವಾಹನಕ್ಕೆ ಕನಿಷ್ಠ ಮೂರು ದಿನ, ಕುಂಡ ಮತ್ತು ಕಾಲೊರಸುಗಳನ್ನು ಮತ್ತೆ ಇಡಲು ಒಂದು ವಾರ ಕಾಯಿರಿ. ಬೇಗ ಹಾಸಿದ ರಬ್ಬರ್ ಮ್ಯಾಟ್ ಹಸಿ ಸೀಲರಿಗೆ ಅಂಟಿಕೊಂಡು ಅದರ ಗುರುತು ಹಾಗೆಯೇ ಉಳಿಯುತ್ತದೆ.

ಬೆಳ್ಳಗಾದರೆ, ಗುಳ್ಳೆ ಎದ್ದರೆ

ಥಿನ್ನರ್ ಆಧಾರದ ಅಕ್ರಿಲಿಕ್ ಮರುದಿನ ಹಾಲಿನಂತೆ ಮಬ್ಬಾಗಿದ್ದರೆ ತೇವ ಸಿಕ್ಕಿಕೊಂಡಿದೆ ಎಂದು ತಿಳಿಯಿರಿ. ಗಾಬರಿಯಾಗಿ ಮೇಲೆ ಇನ್ನೊಂದು ಕೋಟ್ ಹಾಕಬೇಡಿ. ಕೆಲವು ಒಣ ದಿನಗಳು ಕಳೆದ ಮೇಲೆ, ಮಧ್ಯಾಹ್ನದ ಹೊತ್ತು, ಆ ಜಾಗಕ್ಕೆ ಕ್ಸೈಲೀನನ್ನು ರೋಲರಿನಿಂದ ತೆಳುವಾಗಿ ಬಳಿದರೆ ಪದರ ಕರಗಿ, ತೇವ ಹೊರಹೋಗಿ, ಮತ್ತೆ ತಿಳಿಯಾಗಿ ಕೂರುತ್ತದೆ. ಬಿಸಿಲಿಗೆ ಕಾದ ನೆಲದ ಮೇಲೆ ಬಳಿದಾಗ ಏಳುವ ಸಣ್ಣ ಗುಳ್ಳೆಗಳಿಗೂ ಇದೇ ಉಪಾಯ. ನೀರಿನ ಆಧಾರದ ಸೀಲರ್, ಎಪಾಕ್ಸಿ, ಪಾಲಿಯುರೆಥೇನ್‌ಗಳಿಗೆ ಈ ದಾರಿ ನೆಚ್ಚುವಂಥದ್ದಲ್ಲ, ಅಲ್ಲಿ ಹಾಳಾದ ಭಾಗವನ್ನು ತೆಗೆದೇ ಮತ್ತೆ ಬಳಿಯಬೇಕಾಗುತ್ತದೆ. ಬೆಳ್ಳಗಾಗುವುದು ವರ್ಷವೂ ಅದೇ ಜಾಗದಲ್ಲಿ ಮರುಕಳಿಸಿದರೆ ಹಿಂದೆ ಹೇಳಿದ ಚರಂಡಿಯ ಕಡೆ ಗಮನ ಕೊಡಿ.

ಮಳೆಗಾಲದ ತಿಂಗಳುಗಳಲ್ಲಿ

ಮೇ ಕೊನೆಯ ಹೊತ್ತಿಗೆ ಸೂರಿನ ದೋಣಿಗಳನ್ನು ಶುಚಿ ಮಾಡಿಸಿ. ಒಡೆದ ದೋಣಿಯಿಂದ ಒಂದೇ ಕಡೆ ಸುರಿಯುವ ನೀರು ಒಂದೇ ಮಳೆಗಾಲದಲ್ಲಿ ಸೀಲರನ್ನು ಕೊರೆದು ಹಾಕುತ್ತದೆ. ಕಕ್ಕಡ ಮಾಸದ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಸೀಲರಿನ ಕೆಲಸಕ್ಕೆ ಕೈಹಾಕುವಂತಿಲ್ಲ. ಆದರೆ ಮಳೆ ಬಿಡುವು ಕೊಟ್ಟಾಗಲೆಲ್ಲ ನಿಂತ ನೀರನ್ನು ವೈಪರಿನಿಂದ ಎಳೆದು, ಹಸಿರು ಕಾಣಿಸಿಕೊಂಡ ಕೂಡಲೇ ನೈಲಾನ್ ಬ್ರಷ್ಷಿನಿಂದ ಉಜ್ಜಿದರೆ ಪಾಚಿ ಬೇರೂರುವುದಿಲ್ಲ. ಜಗಲಿಗೆ ಹಾಸುವ ಗೋಣಿಚೀಲವನ್ನು ದಿನವೂ ಎತ್ತಿ ಒಣಗಿಸಬೇಕು, ಒದ್ದೆ ಗೋಣಿಯ ಕೆಳಗೆ ಅಕ್ರಿಲಿಕ್ ಬಹಳ ಬೇಗ ಮಬ್ಬಾಗುತ್ತದೆ.

ಉಳಿದ ಸೀಲರ್ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ, ಬಳಿದ ತಿಂಗಳು, ವರ್ಷ, ಎಷ್ಟು ಕೋಟ್ ಎಂಬುದನ್ನು ಅದರ ಮೇಲೆಯೇ ಮಾರ್ಕರಿನಿಂದ ಬರೆದು, ಸೌದೆಕೊಟ್ಟಿಗೆಯಿಂದ ದೂರ ಇಡಿ. ಮುಂದಿನ ಸಲ ಅದೇ ಬಗೆಯ ಸೀಲರನ್ನು ತರಲು ಆ ಡಬ್ಬಿಯೇ ಆಧಾರ. ಥಿನ್ನರಿನಲ್ಲಿ ಅದ್ದಿದ ಬಟ್ಟೆ ಮತ್ತು ರೋಲರುಗಳನ್ನು ಮುದ್ದೆ ಮಾಡಿ ಎಸೆಯದೆ, ಬೆಂಕಿಯಿಂದ ದೂರ ಬಯಲಿನಲ್ಲಿ ಹರಡಿ ಪೂರ್ತಿ ಒಣಗಿಸಿದ ನಂತರವೇ ಕಸದ ಗಾಡಿಗೆ ಕೊಡಿ. ಕೆಟ್ಟುಹೋದ ಸೀಲರನ್ನು ಕಾಫಿ ಗಿಡದ ಬುಡಕ್ಕಾಗಲಿ ತೋಡಿಗಾಗಲಿ ಸುರಿಯಬೇಡಿ. ಡಬ್ಬಿಯಲ್ಲೇ ಮರದ ಹೊಟ್ಟು ಬೆರೆಸಿ, ಬಯಲಿನಲ್ಲಿ ಮುಚ್ಚಳ ತೆರೆದಿಟ್ಟು, ಗಟ್ಟಿಯಾದ ಮೇಲೆ ವಿಲೇವಾರಿ ಮಾಡಿ.